ಹಳೆಯ ಕಾರಿನ ಹಿಂದಿನ ಶಾಕಪ್: ಅದರ ಕೆಲಸವೇನು, ಮನೆಯಲ್ಲೇ ಬದಲಿಸುವುದು ಹೇಗೆ

ಮಳೆಗಾಲ ಮುಗಿಯಿತು ಅಂದರೆ ಬೆಳಗಾವಿಯಲ್ಲಿ ಹಳೆಯ ಗಾಡಿ ಇಟ್ಟುಕೊಂಡವರ ತಕರಾರು ಹೆಚ್ಚುಕಡಿಮೆ ಒಂದೇ: ಹಿಂದುಗಡೆ ಬಹಳ ಕುಣಿಯುತ್ತದೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನ ಕಡೆ ಒಮ್ಮೆ ಹೋಗಿ ಬಂದರೆ ಸಾಕು, ಹಿಂದಿನ ಸೀಟಿನವರು ಇಳಿದ ಮೇಲೂ ಸೊಂಟ ಹಿಡಿದುಕೊಂಡೇ ನಿಂತಿರುತ್ತಾರೆ. ಗ್ಯಾರೇಜಿಗೆ ಹೋದರೆ "ಶಾಕಪ್ ಹೋಗ್ಯಾವ್ರಿ" ಅನ್ನುತ್ತಾರೆ, ಅಂದರೆ ಶಾಕ್ ಅಬ್ಸಾರ್ಬರ್ ಕೆಟ್ಟಿದೆ ಅಂತ. ಅಷ್ಟಕ್ಕೇ ಮಾತು ಮುಗಿಯುತ್ತದೆ. ಶಾಕಪ್ ಅಂದರೆ ಏನು, ಅದು ಹೇಗೆ ಹೋಗುತ್ತದೆ, ಹೋದರೆ ಕುಣಿತ ಬಿಟ್ಟು ಬೇರೇನು ತೊಂದರೆ, ಇದನ್ನು ಯಾರೂ ಕೂತು ಹೇಳುವುದಿಲ್ಲ.

ಇಲ್ಲಿ ಹಳೆಯ ಕಾರು ಅಂದರೆ ಮುಖ್ಯವಾಗಿ ಎರಡು. ಒಂದು, ನಾವು ಈಗಲೂ ಫಿಯಾಟ್ ಅಂತಲೇ ಕರೆಯುವ ಪ್ರೀಮಿಯರ್ ಪದ್ಮಿನಿ. ಇನ್ನೊಂದು, 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್. ಎರಡರದ್ದೂ ಹಿಂಭಾಗ ಬಹಳ ಸರಳ. ಅದಕ್ಕೇ ಈ ಕೆಲಸ ಮನೆಯಲ್ಲಿ ಆಗುತ್ತದೆ.

ಭಾರ ಹೊರುವುದು ಸ್ಪ್ರಿಂಗು, ಶಾಕಪ್ ಅಲ್ಲ

ಮೊದಲು ಈ ಒಂದು ವಿಷಯ ತಲೆಯಲ್ಲಿ ಕೂರಬೇಕು. ಗಾಡಿಯ ಭಾರವನ್ನು ಶಾಕಪ್ ಹೊರುವುದಿಲ್ಲ. ಹೊರುವುದು ಸ್ಪ್ರಿಂಗು. ಫಿಯಾಟ್, ಅಂಬಾಸಿಡರ್ ಎರಡರಲ್ಲೂ ಹಿಂದೆ ಇರುವುದು ಕಮಾನು ಪಟ್ಟಿ, ಅಂದರೆ ಲಾರಿ ಕೆಳಗೆ ಇರುವಂಥ ಪಾಟಾ. ಉದ್ದನೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಆಕ್ಸಲ್‌ಗೆ, ಅಂದರೆ ಎರಡೂ ಚಕ್ರಗಳನ್ನು ಸೇರಿಸುವ ಅಡ್ಡ ದಂಡಕ್ಕೆ, ಬಿಗಿದಿರುತ್ತಾರೆ. ಎರಡು ತುದಿಗಳು ಬಾಡಿಗೆ ಸೇರಿರುತ್ತವೆ. ಗುಂಡಿ ಬಂದಾಗ ಪಟ್ಟಿ ಬಾಗುತ್ತದೆ, ಏಟು ನೇರವಾಗಿ ಬಾಡಿಗೆ ತಾಗುವುದಿಲ್ಲ.

ಆದರೆ ಬಾಗಿದ ಸ್ಪ್ರಿಂಗು ಸುಮ್ನೆ ಇರುವುದಿಲ್ಲ ಅಲ್ವಾ? ಬಾಗಿದಷ್ಟೇ ಜೋರಾಗಿ ವಾಪಸ್ ಬರುತ್ತದೆ, ತನ್ನ ಜಾಗ ದಾಟಿ ಮೇಲೆ ಹೋಗುತ್ತದೆ, ಮತ್ತೆ ಕೆಳಗೆ ಬರುತ್ತದೆ. ಮಾಮೂಲಿ ಕಾರಿನ ಬಾಡಿ ಹೀಗೆ ಸೆಕೆಂಡಿಗೆ ಸುಮಾರು 1ರಿಂದ 1.5 ಸಲ ಏಳುತ್ತಾ ಬೀಳುತ್ತಾ ಇರುತ್ತದೆ. ತಡೆಯುವವರು ಯಾರೂ ಇಲ್ಲದಿದ್ದರೆ ಒಂದು ಗುಂಡಿಯ ಕುಣಿತ ನಿಲ್ಲುವ ಮೊದಲೇ ಮುಂದಿನ ಗುಂಡಿ ಬಂದಿರುತ್ತದೆ. ಕುಣಿತದ ಮೇಲೆ ಕುಣಿತ ಸೇರುತ್ತದೆ.

ಇದನ್ನು ತಡೆಯುವುದೇ ಶಾಕಪ್‌ನ ಕೆಲಸ. ಬ್ಯಾಂಕು, ಆಸ್ಪತ್ರೆಯ ಬಾಗಿಲಿನ ಮೇಲ್ಗಡೆ ಒಂದು ಡೋರ್ ಕ್ಲೋಸರ್ ಇರುತ್ತದೆ ನೋಡಿ. ಅದರೊಳಗೆ ಬಾಗಿಲನ್ನು ಎಳೆಯುವ ಸ್ಪ್ರಿಂಗ್ ಬೇರೆ, ಬಾಗಿಲು ಧಡ್ ಅಂತ ಬಡಿಯದಂತೆ ತಡೆಯುವ ಎಣ್ಣೆ ಬೇರೆ. ಎಣ್ಣೆ ಸೋರಿಹೋದ ಮೇಲೂ ಬಾಗಿಲು ಮುಚ್ಚುತ್ತದೆ, ಆದರೆ ಬಡಿದುಕೊಂಡು ಮುಚ್ಚುತ್ತದೆ. ಕಾರಿನಲ್ಲಿ ಆಗುವುದೂ ಅದೇ.

ಹಾಗಾಗಿ ಗಾಡಿ ಹಿಂದುಗಡೆ ಕುಸಿದು ಕೂತಿದೆ, ಡಿಕ್ಕಿ ನೆಲದ ಕಡೆ ಬಂದಿದೆ ಅಂದರೆ ಶಾಕಪ್ ಬದಲಿಸಿ ಪ್ರಯೋಜನವಿಲ್ಲ. ಅದು ಪಾಟಾದ ತೊಂದರೆ. ಸುಮ್ನೆ ದುಡ್ಡು ಹಾಳು.

ಒಳಗೆ ಏನಿದೆ

ಉದ್ದನೆಯ ಕೊಳವೆಯ ಬಗೆಯ ಶಾಕಪ್ ಒಳಗೆ ಎಣ್ಣೆ ತುಂಬಿದ ಸಿಲಿಂಡರ್ ಇದೆ. ಅದರಲ್ಲಿ ಒಂದು ಪಿಸ್ಟನ್. ಪಿಸ್ಟನ್‌ಗೆ ಅಂಟಿಕೊಂಡು ಹೊರಗೆ ಬರುವ ಹೊಳೆಯುವ ಸರಳಿಗೆ ರಾಡ್ ಅನ್ನುತ್ತಾರೆ. ಸಾಮಾನ್ಯವಾಗಿ ಸಿಲಿಂಡರಿನ ಕೆಳತುದಿ ಆಕ್ಸಲ್ ಕಡೆ, ರಾಡಿನ ಮೇಲ್ತುದಿ ಬಾಡಿ ಕಡೆ. ಚಕ್ರ ಮೇಲೆ ಕೆಳಗೆ ಆದಾಗ ಪಿಸ್ಟನ್ ಎಣ್ಣೆಯೊಳಗೆ ಓಡಾಡುತ್ತದೆ. ಪಿಸ್ಟನ್‌ನಲ್ಲಿ ಸಣ್ಣ ತೂತುಗಳು, ತೆಳು ವಾಲ್ವುಗಳು ಇರುತ್ತವೆ. ಎಣ್ಣೆ ಆ ಕಿರಿದಾದ ದಾರಿಯಲ್ಲೇ ನುಗ್ಗಬೇಕು. ಮೆಲ್ಲಗೆ ತಳ್ಳಿದರೆ ಸರಾಗವಾಗಿ ಹೋಗುತ್ತದೆ, ಜೋರಾಗಿ ತಳ್ಳಿದಷ್ಟೂ ತಡೆ ಹೆಚ್ಚುತ್ತದೆ.

ಎರಡೂ ದಿಕ್ಕಿಗೆ ತಡೆ ಒಂದೇ ಸಮ ಇರುವುದಿಲ್ಲ. ಸಾಮಾನ್ಯವಾಗಿ ಒತ್ತುವಾಗ ಕಡಿಮೆ, ಎಳೆಯುವಾಗ ಜಾಸ್ತಿ. ಚಕ್ರ ಉಬ್ಬನ್ನು ಹತ್ತುವಾಗ ಗಟ್ಟಿಯಾಗಿ ತಡೆದರೆ ಏಟು ಬಾಡಿಗೆ ಬೀಳುತ್ತದೆ. ಬಾಗಿದ ಸ್ಪ್ರಿಂಗು ವಾಪಸ್ ಚಿಮ್ಮುವಾಗಲೇ ನಿಜವಾಗಿ ಹಿಡಿದುಕೊಳ್ಳಬೇಕಾದ್ದು.

ಕುಣಿತದ ಶಕ್ತಿ ಎಲ್ಲಿಗೆ ಹೋಯಿತು? ಎಣ್ಣೆ ಬಿಸಿಯಾಯಿತು, ಆ ಬಿಸಿ ಗಾಳಿಗೆ ಹೋಯಿತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಪರೀಕ್ಷೆಗೆ ಬೇಕಾಗುತ್ತದೆ.

ಬಹಳ ಹಳೆಯ ಅಂಬಾಸಿಡರ್ ಆದರೆ ಹಿಂದೆ ಕೊಳವೆ ಕಾಣದೇ ಇರಬಹುದು. ಬಾಡಿಗೆ ಬೋಲ್ಟ್ ಮಾಡಿದ ಒಂದು ಎರಕದ ಡಬ್ಬಿ, ಅದರಿಂದ ಹೊರಬಂದ ಒಂದು ತೋಳು, ತೋಳಿನ ತುದಿಯಿಂದ ಆಕ್ಸಲ್‌ಗೆ ಒಂದು ಕೊಂಡಿ. ಅದೂ ಶಾಕಪ್ಪೇ, ಒಳಗೂ ಎಣ್ಣೆಯೇ. ಅದರಲ್ಲಿ ಎಣ್ಣೆ ತುಂಬುವ ಬಿರಡೆ ಇರುತ್ತದೆ, ರಿಪೇರಿಯೂ ಆಗುತ್ತದೆ. ಎಸೆಯಬೇಡಿ. ಕೆಳಗೆ ಹೇಳುವುದೆಲ್ಲ ಕೊಳವೆಯ ಬಗೆಗೆ.

ಹೋಗಿದೆ ಅಂತ ತಿಳಿಯುವುದು ಹೇಗೆ

ಎಲ್ಲರಿಗೂ ಗೊತ್ತಿರುವ ಪರೀಕ್ಷೆ ಒಂದಿದೆ. ಡಿಕ್ಕಿಯ ಮೂಲೆಯನ್ನು ಎರಡೂ ಕೈಯಿಂದ ಜೋರಾಗಿ ಒತ್ತಿ ಬಿಡುವುದು. ಗಾಡಿ ಒಮ್ಮೆ ಮೇಲೆ ಬಂದು ನಿಂತರೆ ಚೆನ್ನಾಗಿದೆ, ಎರಡು ಮೂರು ಸಲ ತೂಗಿದರೆ ಹೋಗಿದೆ. ಹೊಸ ಕಾರಿಗೆ ಇದು ಸರಿ. ಪಾಟಾ ಇರುವ ಹಳೆಯ ಗಾಡಿಯಲ್ಲಿ ಮಾತ್ರ ಇದನ್ನು ಪೂರ್ತಿ ನಂಬಬಾರದು. ಯಾಕೆಂದರೆ ಪಾಟಾದ ಪಟ್ಟಿಗಳು ಒಂದಕ್ಕೊಂದು ಉಜ್ಜುತ್ತವೆ, ಆ ಉಜ್ಜಾಟವೇ ಒಂದಷ್ಟು ಕುಣಿತವನ್ನು ತಡೆಯುತ್ತದೆ. ನಾಲ್ಕು ಮಳೆಗಾಲದ ಕೆಸರು ಒಳಗೆ ಸೇರಿ ತುಕ್ಕು ಹಿಡಿದಿದ್ದರಂತೂ ಪಟ್ಟಿಗಳು ಅಂಟಿಕೊಂಡೇ ಇರುತ್ತವೆ. ಕೈಯಿಂದ ಒತ್ತುವ ಬಲಕ್ಕೆ ಅವು ಅಲ್ಲಾಡುವುದೇ ಇಲ್ಲ. ಶಾಕಪ್ ಪೂರ್ತಿ ಸತ್ತಿದ್ದರೂ ಗಾಡಿ ಗಂಭೀರವಾಗಿ ನಿಂತುಬಿಡುತ್ತದೆ, ನೀವು ಚೆನ್ನಾಗಿದೆ ಅಂದುಕೊಳ್ಳುತ್ತೀರಿ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಬಿಸಿಯದು. ಕೆಟ್ಟ ರಸ್ತೆಯಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ ಬನ್ನಿ. ನಿಲ್ಲಿಸಿದ ತಕ್ಷಣ ಚಕ್ರದ ಹಿಂದಿನಿಂದ ಕೈ ಹಾಕಿ ಎರಡೂ ಶಾಕಪ್‌ಗಳನ್ನು ಮುಟ್ಟಿ ನೋಡಿ. ಸೈಲೆನ್ಸರ್ ಪೈಪ್ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಿ, ಅದು ಕೈ ಸುಡುತ್ತದೆ. ಕೆಲಸ ಮಾಡಿದ ಶಾಕಪ್ ಬೆಚ್ಚಗಿರುತ್ತದೆ. ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ, ತಣ್ಣಗಿರುವುದು ಸುಮ್ನೆ ನೇತಾಡುತ್ತಿದೆ ಅಂತ ಅರ್ಥ.

ಎಣ್ಣೆ ಸೋರಿಕೆಯನ್ನೂ ನೋಡಿ. ರಾಡಿನ ಸುತ್ತ ತೆಳ್ಳಗೆ ಎಣ್ಣೆಯ ಪಸೆ ಇದ್ದು ಧೂಳು ಅಂಟಿದ್ದರೆ ಗಾಬರಿ ಬೇಡ. ಸಿಲಿಂಡರ್ ಮೈ ಪೂರ್ತಿ ಒದ್ದೆಯಾಗಿ ಕೆಸರು ಗಟ್ಟಿಯಾಗಿ ಮೆತ್ತಿಕೊಂಡಿದ್ದರೆ ಎಣ್ಣೆ ಹೊರಬರದಂತೆ ತಡೆಯುವ ಸೀಲ್ ಹೋಗಿದೆ. ಟಯರ್ ಮೇಲೆ ಅಂಗೈ ಸವರಿ. ಅಲ್ಲಲ್ಲಿ ಬಟ್ಟಲಿನ ಥರ ತಗ್ಗು ಸಿಕ್ಕರೆ ಚಕ್ರ ರಸ್ತೆ ಬಿಟ್ಟು ಜಿಗಿಯುತ್ತಿರಬಹುದು.

ಈ ಜಿಗಿತವೇ ನಿಜವಾದ ಅಪಾಯ. ಈ ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಇಡಿಯಾಗಿ ಒಂದೇ ತುಂಡು, ನಡುವೆ ಡಿಫರೆನ್ಷಿಯಲ್ (ಇಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳ ಗಡ್ಡೆ) ಬೇರೆ, ತೂಕ ಜಾಸ್ತಿ. ಸಾಲು ಸಾಲು ಸಣ್ಣ ಉಬ್ಬುಗಳಿರುವ ರಸ್ತೆಯಲ್ಲಿ ಅದು ಸೆಕೆಂಡಿಗೆ ಹತ್ತಾರು ಸಲ ಅದುರುತ್ತದೆ. ಶಾಕಪ್ ಇಲ್ಲದಿದ್ದರೆ ಟಯರ್ ಆಗಾಗ ಗಾಳಿಯಲ್ಲೇ ಇರುತ್ತದೆ. ಗಾಳಿಯಲ್ಲಿರುವ ಟಯರ್ ಬ್ರೇಕೂ ಹಿಡಿಯುವುದಿಲ್ಲ, ತಿರುವಿನಲ್ಲೂ ಹಿಡಿಯುವುದಿಲ್ಲ. ಘಾಟಿನ ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಜಾರಿತು ಅಂತ ಹೇಳುತ್ತಾರಲ್ಲ, ಎಷ್ಟೋ ಸಲ ಅದಕ್ಕೆ ಕಾರಣ ಇದೇ.

ಹಿಂದಿನದನ್ನೇ ಯಾಕೆ ಮನೆಯಲ್ಲಿ ಮಾಡಬಹುದು

ಈಗಿನ ಕಾರುಗಳ ಮುಂಭಾಗದಲ್ಲಿ ಶಾಕಪ್ ಸುತ್ತಲೇ ಸುರುಳಿ ಸ್ಪ್ರಿಂಗ್ ಇರುತ್ತದೆ, ಅದೂ ಬಿಗಿಯಾಗಿ ಒತ್ತಿದ ಸ್ಥಿತಿಯಲ್ಲಿ. ತಪ್ಪು ನಟ್ ಬಿಚ್ಚಿದರೆ ಸ್ಪ್ರಿಂಗ್ ಗುಂಡಿನಂತೆ ಹಾರುತ್ತದೆ. ಅದಕ್ಕೆ ಬೇರೆ ಸಾಮಾನು ಬೇಕು, ಅನುಭವವೂ ಬೇಕು. ಮನೆಯಲ್ಲಿ ಬೇಡವೇ ಬೇಡ.

ಪಾಟಾ ಇರುವ ಹಿಂಭಾಗದಲ್ಲಿ ಸ್ಪ್ರಿಂಗು ಬೇರೆ, ಶಾಕಪ್ ಬೇರೆ. ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ನಟ್ ಬಿಚ್ಚಿದರೆ ಶಾಕಪ್ ಕೈಗೆ ಬರುತ್ತದೆ. ಪಾಟಾ ತನ್ನ ಪಾಡಿಗೆ ಗಾಡಿಯನ್ನು ಹೊತ್ತುಕೊಂಡಿರುತ್ತದೆ.

ಅಂಗಡಿಯಲ್ಲಿ ಏನು ಕೇಳಬೇಕು

"ಫಿಯಾಟ್ ಹಿಂದಿನ ಶಾಕಪ್ ಕೊಡ್ರಿ" ಅಂದರೆ ಸಾಲದು. ಗಾಡಿಯ ವರ್ಷ, ಮಾಡೆಲ್ ಹೇಳಿ. ಆಗುವುದಾದರೆ ಹಳೆಯದರ ಅಳತೆಯನ್ನೂ ತೆಗೆದುಕೊಂಡು ಹೋಗಿ. ಪೂರ್ತಿ ಎಳೆದಾಗಿನ ಉದ್ದ, ಪೂರ್ತಿ ಒತ್ತಿದಾಗಿನ ಉದ್ದ, ಎರಡೂ ಬೇಕು. ನೋಡಲು ಒಂದೇ ಥರ ಇದ್ದು ಒತ್ತಿದಾಗ ಎರಡು ಸೆಂಟಿಮೀಟರ್ ಉದ್ದ ಜಾಸ್ತಿ ಇದ್ದರೆ, ದೊಡ್ಡ ಗುಂಡಿಯಲ್ಲಿ ಪಾಟಾಗಿಂತ ಮೊದಲು ಶಾಕಪ್ಪೇ ತಳ ಮುಟ್ಟುತ್ತದೆ. ಒಂದು ಏಟಿಗೆ ಅದು ಮುಗಿಯಿತು, ಬ್ರಾಕೆಟ್ ಕೂಡ ಸೀಳಬಹುದು.

ತುದಿಗಳನ್ನೂ ನೋಡಿ. ಕೆಲವಕ್ಕೆ ರಬ್ಬರ್ ಬುಷ್ (ಬೋಲ್ಟಿನ ಸುತ್ತ ಕೂರುವ ಮೆತ್ತೆ) ಇರುವ ಬಳೆ, ಅದರೊಳಗೆ ಅಡ್ಡ ಬೋಲ್ಟ್. ಇನ್ನು ಕೆಲವಕ್ಕೆ ನಟ್ ಕೂರುವ ತಿರುಪಿನ ಗೆರೆ ಇರುವ ಕಡ್ಡಿ, ಅದರ ಮೇಲೆ ಬಟ್ಟಲು ವಾಶರ್, ರಬ್ಬರ್, ನಟ್. ಬುಷ್, ವಾಶರ್ ಎಲ್ಲ ಹೊಸದು ಸೇರಿದೆಯಾ ಅಂತ ಕೇಳಿ. ಹಳೆಯ ರಬ್ಬರ್ ಹಾಕಿ ಹೊಸ ಶಾಕಪ್ ಕೂರಿಸಿದರೆ ಟಕ್ ಟಕ್ ಸದ್ದು ಹಾಗೇ ಉಳಿಯುತ್ತದೆ. ಬುಷ್ ಸಿಗದಿದ್ದರೆ ಅಥವಾ ಒಳಗಿನ ಉಕ್ಕಿನ ಸಣ್ಣ ಕೊಳವೆ ಸವೆದಿದ್ದರೆ ಬೆಳಗಾವಿಯವರಿಗೆ ಅಷ್ಟು ಚಿಂತೆ ಇಲ್ಲ, ಉದ್ಯಮಬಾಗದಲ್ಲಿ ಲೇತ್ ಕೆಲಸಕ್ಕೆ ಬರವಿಲ್ಲ.

ಎರಡೂ ಬದಿ ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಇದ್ದರೆ ಗಾಡಿ ಒಂದು ಬದಿಗೆ ಬೇಗ ನಿಲ್ಲುತ್ತದೆ, ಇನ್ನೊಂದು ಬದಿಗೆ ತೂಗುತ್ತದೆ. ಬೇರೆ ಗಾಡಿಯ ಗಟ್ಟಿ ಶಾಕಪ್ ತಂದು ಬ್ರಾಕೆಟ್ ವೆಲ್ಡ್ ಮಾಡಿ ಕೂರಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಸವಾರಿ ಇನ್ನೂ ಒರಟಾಗುತ್ತದೆ. ಇನ್ನೊಂದು ಲೆಕ್ಕವೂ ಇದೆ: 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಆದರೆ ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಎಪ್ಪತ್ತರ ದಶಕದ ಗಾಡಿಗಳು ಈಗ ಆ ಸಾಲಿಗೆ ಬರುತ್ತಿವೆ. ಸವೆದ ಶಾಕಪ್ ಬದಲಿಸುವುದಕ್ಕೂ ಚಾಸಿಗೆ ವೆಲ್ಡಿಂಗ್ ಮಾಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಪಾನಾ ಹಿಡಿಯುವ ಮೊದಲು: ಗಾಡಿ ಎತ್ತುವುದು

ಅನಾಹುತ ಆಗುವುದು ಶಾಕಪ್ ಬಿಚ್ಚುವಾಗ ಅಲ್ಲ, ಗಾಡಿ ಎತ್ತುವಾಗ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಫಿಯಾಟ್, ಅಂಬಾಸಿಡರ್ ಎರಡೂ ಹಿಂದಿನ ಚಕ್ರದಿಂದ ಓಡುವ ಗಾಡಿಗಳು. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಗೇರಿನಲ್ಲಿ ನಿಲ್ಲಿಸಿದರೆ ತಡೆಯುವುದೂ ಹಿಂದಿನ ಚಕ್ರಗಳನ್ನೇ. ನೀವು ಎತ್ತುತ್ತಿರುವುದೂ ಹಿಂಭಾಗವನ್ನೇ. ಅಂದರೆ ಹಿಂದಿನ ಚಕ್ರಗಳು ನೆಲ ಬಿಟ್ಟ ಕ್ಷಣದಿಂದ ಹ್ಯಾಂಡ್‌ಬ್ರೇಕೂ ಇಲ್ಲ, ಗೇರೂ ಇಲ್ಲ. ಒಂದೇ ಚಕ್ರ ಎತ್ತಿದರೂ ಗೇರಿನ ಹಿಡಿತ ಹೋಗುತ್ತದೆ, ಯಾಕೆಂದರೆ ಡಿಫರೆನ್ಷಿಯಲ್ ಇರುವುದರಿಂದ ನೆಲದ ಮೇಲಿನ ಚಕ್ರ ಮುಂದೆ ಉರುಳಿದರೆ ಎತ್ತಿದ ಚಕ್ರ ಹಿಂದಕ್ಕೆ ತಿರುಗುತ್ತದೆ, ಅಷ್ಟೇ. ಗಾಡಿಯನ್ನು ಆಗ ಹಿಡಿದಿರುವುದು ಮುಂದಿನ ಚಕ್ರಗಳ ಮುಂದೆ ಹಿಂದೆ ನೀವು ಇಟ್ಟ ಅಡ್ಡಗಟ್ಟೆ ಮಾತ್ರ. ಕೈಗೆ ಸಿಕ್ಕ ದುಂಡು ಕಲ್ಲು ಬೇಡ. ಅಗಲವಾದ, ಇಳಿಜಾರಾಗಿ ಕತ್ತರಿಸಿದ ಕಟ್ಟಿಗೆಯ ತುಂಡುಗಳನ್ನು ಎರಡೂ ಮುಂದಿನ ಚಕ್ರಗಳಿಗೆ, ಎರಡೂ ಬದಿಯಿಂದ ಒತ್ತಿ ಇಡಿ.

ನೆಲ ಸಮವಾಗಿರಬೇಕು. ಅಂಗಳದ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ. ಶಹಾಬಾದ್ ಫರಸಿಯೂ ನಂಬುವಂಥದ್ದಲ್ಲ: ಕೆಳಗೆ ಟೊಳ್ಳಿದ್ದರೆ ಜಾಕಿನ ಭಾರಕ್ಕೆ ಟಪ್ ಅಂತ ಸೀಳುತ್ತದೆ. ದಪ್ಪ ಹಲಗೆ ಹಾಸಿ ಅದರ ಮೇಲೆ ಜಾಕ್ ಇಡಿ. ಕಾಂಕ್ರೀಟ್ ನೆಲ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು.

ಜಾಕ್ ಇರುವುದು ಎತ್ತುವುದಕ್ಕೆ, ಹಿಡಿದಿಡುವುದಕ್ಕಲ್ಲ. ಎತ್ತಿದ ಮೇಲೆ ಆಕ್ಸಲ್‌ನ ಎರಡೂ ಕೊಳವೆಗಳ ಕೆಳಗೆ, ಪಾಟಾಗೆ ಹತ್ತಿರ, ಒಂದೊಂದು ಉಕ್ಕಿನ ಸ್ಟ್ಯಾಂಡ್ ಕೊಡಿ. ಆಕ್ಸಲ್ ಮೇಲೆ ಬ್ರೇಕಿನ ಸಣ್ಣ ಪೈಪ್ ಹೋಗಿರುತ್ತದೆ, ಅದು ಸ್ಟ್ಯಾಂಡಿಗೆ ಸಿಕ್ಕಿ ಜಜ್ಜಿಹೋಗದಂತೆ ನೋಡಿಕೊಳ್ಳಿ. ಇಟ್ಟಿಗೆ ಜೋಡಿಸಿ ನಿಲ್ಲಿಸುವ ಚಾಳಿ ಬಿಡಿ. ಇಟ್ಟಿಗೆ ಬಾಗಿ ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ. ಬಿಚ್ಚಿದ ಚಕ್ರವನ್ನು ಬಾಡಿಯ ಕೆಳಗೆ ಅಡ್ಡ ಮಲಗಿಸಿ ಇಡಿ, ಕೊನೆಯ ರಕ್ಷಣೆಗೆ. ಕೆಳಗೆ ಹೋಗುವ ಮೊದಲು ಗಾಡಿಯನ್ನು ಪಕ್ಕದಿಂದ ಒಮ್ಮೆ ಅಲ್ಲಾಡಿಸಿ ನೋಡಿ. ಮನೆಯಲ್ಲಿ ಇನ್ನೊಬ್ಬರಿಗೆ ನೀವು ಗಾಡಿ ಕೆಳಗೆ ಇದ್ದೀರಿ ಅಂತ ಗೊತ್ತಿರಲಿ.

ಸ್ಟ್ಯಾಂಡನ್ನು ಬಾಡಿಯ ಕೆಳಗೆ ಕೊಡದೆ ಆಕ್ಸಲ್ ಕೆಳಗೆ ಕೊಡುವುದರಲ್ಲಿ ಇನ್ನೂ ಎರಡು ಲಾಭ ಇದೆ. ಆಕ್ಸಲ್ ಕೆಳಗೆ ಜೋತುಬೀಳುವುದಿಲ್ಲ, ಹಾಗಾಗಿ ಬಾಡಿಯಿಂದ ಆಕ್ಸಲ್‌ಗೆ ಬರುವ ಬ್ರೇಕಿನ ರಬ್ಬರ್ ಪೈಪ್ ಎಳೆದುಕೊಳ್ಳುವುದಿಲ್ಲ. ಗಾಡಿಯ ಭಾರ ಪಾಟಾ ಮೇಲೇ ಇರುವುದರಿಂದ ಶಾಕಪ್ ತನ್ನ ಮಾಮೂಲಿ ಉದ್ದದಲ್ಲೇ ಇರುತ್ತದೆ. ಬಿಚ್ಚುವುದೂ ಸುಲಭ, ಬಿಗಿಯುವುದೂ ಸರಿಯಾಗುತ್ತದೆ.

ಬಿಚ್ಚುವುದು

ಹಿಂದಿನ ದಿನ ಸಂಜೆಯೇ ಕೆಲಸ ಶುರು. ತಂತಿ ಬ್ರಷ್‌ನಿಂದ ನಟ್‌ಗಳ ಕೆಸರು, ತುಕ್ಕು ತೆಗೆದು ಡಬ್ಲ್ಯೂಡಿ-40 ಥರದ ಎಣ್ಣೆ ಹೊಡೆದು ಬಿಡಿ. ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ಮೇಲಿನ ನಟ್ ಕೆಲವು ಗಾಡಿಗಳಲ್ಲಿ ಡಿಕ್ಕಿಯೊಳಗೆ ಅಥವಾ ಹಿಂದಿನ ಸೀಟಿನ ಹತ್ತಿರ ಇರುತ್ತದೆ, ಕೆಲವುದರಲ್ಲಿ ಕೆಳಗಿನಿಂದಲೇ ಸಿಗುತ್ತದೆ. ಮ್ಯಾಟ್ ಎತ್ತಿ ನೋಡಿಕೊಳ್ಳಿ.

ಪಾನಾ ವಿಷಯಕ್ಕೆ ಬಂದರೆ, ಫಿಯಾಟ್ ಇಟಲಿಯ ಮೂಲದ್ದು, ಮಿಲಿಮೀಟರ್ ಅಳತೆ. ಹಳೆಯ ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂಲದ್ದು, ಇಂಚಿನ ನಟ್‌ಗಳು ಬಹಳ ಸಿಗುತ್ತವೆ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಪಾನಾ ಕೂರುತ್ತದೆ, ಕೂತಂತೆ ಕಾಣುತ್ತದೆ, ಜೋರು ಹಾಕಿದಾಗ ಮೂಲೆ ಸವರಿ ನಟ್ ದುಂಡಗಾಗುತ್ತದೆ. ತುಕ್ಕು ಹಿಡಿದ ನಟ್ ಒಮ್ಮೆ ದುಂಡಗಾದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಸರಿಯಾದ ಅಳತೆಯ ರಿಂಗ್ ಪಾನಾ ಇಲ್ಲವೇ ಸಾಕೆಟ್ ತಂದುಕೊಳ್ಳಿ.

ಕಡ್ಡಿ ಇರುವ ಬಗೆಯಲ್ಲಿ ನಟ್ ತಿರುಗಿಸಿದರೆ ರಾಡೂ ಜೊತೆಗೆ ತಿರುಗುತ್ತದೆ. ರಾಡಿನ ತುದಿಯಲ್ಲಿ ಚಪ್ಪಟೆ ಮಾಡಿದ ಜಾಗ ಇರುತ್ತದೆ, ಸಣ್ಣ ಪಾನಾದಿಂದ ಅದನ್ನು ಹಿಡಿದುಕೊಂಡು ನಟ್ ತಿರುಗಿಸಿ. ಬರಲೇ ಇಲ್ಲವೇ? ಹ್ಯಾಕ್ಸಾದಿಂದ ಕತ್ತರಿಸಿ, ಹೇಗೂ ಎಸೆಯುವ ಶಾಕಪ್. ಬೆಂಕಿ ಮಾತ್ರ ಹಚ್ಚಬೇಡಿ. ಪೆಟ್ರೋಲ್ ಟ್ಯಾಂಕ್ ಹಿಂದೆಯೇ ಇದೆ, ಗ್ಯಾಸ್ ತುಂಬಿದ ಶಾಕಪ್ ಆಗಿದ್ದರೆ ಬಿಸಿಗೆ ಸಿಡಿಯಲೂಬಹುದು.

ಒಂದು ಬದಿ ಮುಗಿಸಿ ಇನ್ನೊಂದು ಬದಿ ಬಿಚ್ಚಿ. ವಾಶರ್ ಯಾವುದರ ಮೇಲೆ ಯಾವುದು ಅಂತ ಮರೆತರೆ ನೋಡಲು ಇನ್ನೊಂದು ಬದಿ ಇರುತ್ತದೆ.

ಹೊರಗೆ ಬಂದ ಹಳೆಯದನ್ನು ನೆಟ್ಟಗೆ ನಿಲ್ಲಿಸಿ ಕೈಯಿಂದ ಎಳೆದು ಒತ್ತಿ ನೋಡಿ. ಒಳ್ಳೆಯದಾದರೆ ಇಡೀ ಉದ್ದಕ್ಕೂ ಒಂದೇ ಸಮ ತಡೆ ಇರುತ್ತದೆ. ಹೋದದ್ದು ನಡುವೆ ಒಂದು ಕಡೆ ಸರಕ್ ಅಂತ ಜಾರುತ್ತದೆ. ನಿಮ್ಮ ಊಹೆ ಸರಿಯೋ ತಪ್ಪೋ ಇಲ್ಲಿ ಗೊತ್ತಾಗುತ್ತದೆ.

ಹೊಸದನ್ನು ಕೂರಿಸುವುದು

ಅಂಗಡಿಯಲ್ಲಿ ಶಾಕಪ್ ಅಡ್ಡ ಮಲಗಿರುತ್ತದೆ. ಸಾಮಾನ್ಯವಾಗಿ ಇವುಗಳಲ್ಲಿ ಎರಡು ಕೊಳವೆ, ಒಂದರೊಳಗೆ ಒಂದು. ಹೊರಗಿನದರಲ್ಲಿ ಎಣ್ಣೆಯ ಮೇಲೆ ಸ್ವಲ್ಪ ಗಾಳಿಯೂ ಇರುತ್ತದೆ, ಮಲಗಿಸಿದಾಗ ಆ ಗಾಳಿ ಒಳಗಿನ ಕೊಳವೆಗೆ ಸೇರುತ್ತದೆ. ಹಾಗೇ ಹಾಕಿದರೆ ಮೊದಲ ದಿನವೇ ಹೊಸ ಶಾಕಪ್ ಹಳೆಯದರಂತೆ ಜಾರುತ್ತದೆ. ಅದಕ್ಕೆ ಗಾಡಿಯಲ್ಲಿ ನಿಲ್ಲುವ ರೀತಿಯಲ್ಲೇ ನೆಟ್ಟಗೆ ಹಿಡಿದು, ಪೂರ್ತಿ ಎಳೆದು ಪೂರ್ತಿ ಒತ್ತಿ, ನಿಧಾನವಾಗಿ ಐದಾರು ಸಲ ಆಡಿಸಿ. ಜಾರುವಿಕೆ ಹೋಗಿ ತಡೆ ಸಮವಾದ ಮೇಲೆ ಮತ್ತೆ ಮಲಗಿಸದೆ ಹಾಗೇ ಗಾಡಿಗೆ ಕೂರಿಸಿ.

ಹೊಳೆಯುವ ರಾಡನ್ನು ಇಕ್ಕಳದಿಂದ ಹಿಡಿಯಬೇಡಿ. ಉಗುರಿಗೆ ಸಿಗದಷ್ಟು ಸಣ್ಣ ಗೀರು ಬಿದ್ದರೂ ಅದು ಪ್ರತಿ ಸಲ ಮೇಲೆ ಕೆಳಗೆ ಹೋಗುವಾಗ ಸೀಲನ್ನು ಕೆರೆಯುತ್ತದೆ, ಆಮೇಲೆ ಎಣ್ಣೆ ಸೋರುತ್ತದೆ. ರಬ್ಬರ್ ಬುಷ್ ಬಿಗಿಯಾಗಿದ್ದರೆ ಸೋಪಿನ ನೀರು ಹಚ್ಚಿ ತಳ್ಳಿ. ಗ್ರೀಸ್, ಇಂಜಿನ್ ಆಯಿಲ್ ಬೇಡ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಎರಡೂ ತುದಿಯ ನಟ್‌ಗಳನ್ನು ಮೊದಲು ಕೈಯಿಂದ ತಿರುಗಿಸಿ ಬಿಡಿ. ಕೊನೆಯ ಬಿಗಿತ ಗಾಡಿಯ ಭಾರ ಪಾಟಾ ಮೇಲೆ ಇರುವಾಗಲೇ ಆಗಬೇಕು. ಬಳೆ ಇರುವ ಬಗೆಯಲ್ಲಿ ರಬ್ಬರ್ ಬಿಗಿದ ಜಾಗದಲ್ಲಿ ಹಿಡಿದುಕೊಂಡು, ಅಲ್ಲಿಂದ ಅತ್ತ ಇತ್ತ ತಿರುಚಿಕೊಳ್ಳುತ್ತದೆ. ಆಕ್ಸಲ್ ಜೋತುಬಿದ್ದಾಗ ಬಿಗಿದುಬಿಟ್ಟರೆ, ಇಳಿಸಿದ ಮೇಲೆ ಅದು ಇಡೀ ದಿನ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಸ್ಟ್ಯಾಂಡ್ ಆಕ್ಸಲ್ ಕೆಳಗೆ ಇದ್ದರೆ ಈ ಗೊಡವೆಯೇ ಇಲ್ಲ, ಅಲ್ಲೇ ಬಿಗಿಯಬಹುದು.

ಕಡ್ಡಿ ಬಗೆಯಲ್ಲಿ ಎಷ್ಟು ಬಿಗಿಯಬೇಕು ಅಂತ ರಬ್ಬರ್ ನೋಡಿ ಹೇಳಬಹುದು. ರಬ್ಬರ್ ಉಬ್ಬುತ್ತಾ ಬಟ್ಟಲು ವಾಶರ್‌ನ ಅಂಚಿನ ಸಮಕ್ಕೆ ಬಂದರೆ ಸಾಕು. ಇನ್ನೂ ಒತ್ತಿ ಹೊರಗೆ ಚಿಮ್ಮಿಸಿದರೆ ರಬ್ಬರ್ ಇದ್ದೂ ಇಲ್ಲದಂತೆ. ಆಮೇಲೆ ಮೇಲಿನ ಚೆಕ್ ನಟ್ (ಮೊದಲ ನಟ್ ಸಡಿಲವಾಗದಂತೆ ಹಾಕುವ ಎರಡನೆಯದು) ಹಾಕಿ, ಕೆಳಗಿನ ನಟ್ ಹಿಡಿದುಕೊಂಡು ಬಿಗಿಯಿರಿ. ಮ್ಯಾನ್ಯುಯಲ್ ಇದ್ದರೆ ಬಿಗಿತದ ಅಂಕಿಯನ್ನು ಅದರಲ್ಲೇ ನೋಡಿ.

ಓಡಿಸಿ ನೋಡಿದ ಮೇಲೆ

ಚಕ್ರ ಹಾಕಿ, ಇಳಿಸಿ, ಚಕ್ರದ ನಟ್‌ಗಳನ್ನು ನೆಲದ ಮೇಲೆ ಇನ್ನೊಮ್ಮೆ ಬಿಗಿದು, ಮೊದಲು ಗಲ್ಲಿಯಲ್ಲೇ ಮೆಲ್ಲಗೆ ಓಡಿಸಿ. ಸ್ವಲ್ಪ ಗಟ್ಟಿ ಅನ್ನಿಸುತ್ತದೆ. ಸತ್ತ ಶಾಕಪ್‌ಗೆ ಮೈ ಒಗ್ಗಿಹೋಗಿರುತ್ತದೆ, ಅದಕ್ಕೆ. ಸ್ಪೀಡ್ ಬ್ರೇಕರ್ ಇಳಿದ ಮೇಲೆ ಹಿಂಭಾಗ ಒಮ್ಮೆ ಕೂತು ಎದ್ದು ನಿಂತರೆ ಕೆಲಸ ಸರಿಯಾಗಿದೆ.

ನೂರು ಕಿಲೋಮೀಟರ್ ಆದ ಮೇಲೆ ನಟ್‌ಗಳಿಗೆ ಮತ್ತೆ ಪಾನಾ ಹಾಕಿ ನೋಡಿ, ಹೊಸ ರಬ್ಬರ್ ಸ್ವಲ್ಪ ಕೂತಿರುತ್ತದೆ. ಸದ್ದು ಆಮೇಲೂ ಬರುತ್ತಿದ್ದರೆ ಪಾಟಾದ ಹಿಂದಿನ ತುದಿಯನ್ನು ಬಾಡಿಗೆ ಸೇರಿಸುವ ಶಾಕಲ್ ಕೊಂಡಿಯ ಬುಷ್, ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್, ಸೈಲೆನ್ಸರ್ ಹಿಡಿಯುವ ರಬ್ಬರ್, ಹ್ಯಾಂಡ್‌ಬ್ರೇಕ್ ಕೇಬಲ್ ಇವನ್ನು ಒಂದೊಂದಾಗಿ ಕೈಯಿಂದ ಅಲ್ಲಾಡಿಸಿ ನೋಡಿ, ಸದ್ದು ಅಲ್ಲೇ ಎಲ್ಲೋ ಸಿಗುತ್ತದೆ. ಹಳೆಯ ಶಾಕಪ್‌ಗಳನ್ನು ಗುಜರಿಗೆ ಹಾಕಿ. ಒಳಗಿನ ಎಣ್ಣೆ ಸೋರುತ್ತಿದ್ದರೆ ಡಬ್ಬಿಯಲ್ಲಿ ಹಿಡಿದು, ಗ್ಯಾರೇಜಿನಲ್ಲಿ ಹಳೆಯ ಇಂಜಿನ್ ಆಯಿಲ್ ಕೂಡಿಡುವ ಡ್ರಮ್ಮಿಗೆ ಕೊಟ್ಟು ಬನ್ನಿ.